ಸೆಕೆಂಡ್ ಹ್ಯಾಂಡ್ ಕಾರು ಕೈಕೊಟ್ಟರೆ ಡೀಲರ್‌ಗೆ ವಾಪಸ್ ಕೊಡಬಹುದಾ?

ಪ್ರಶ್ನೆ: ನಮ್ಮೂರು ಗದಗ, ಈಗ ಪುಣೆಯ ವಾಕಡ್‌ನಲ್ಲಿದ್ದೇವೆ. ಹೋದ ತಿಂಗಳು ಇಲ್ಲಿನ ಡೀಲರ್ ಒಬ್ಬರ ಹತ್ತಿರ 4 ಲಕ್ಷ 80 ಸಾವಿರ ಕೊಟ್ಟು ಹಳೇ ಕಾರು ತೆಗೆದುಕೊಂಡೆವು. ಅರ್ಧ ದುಡ್ಡು ಬ್ಯಾಂಕ್ ಸಾಲದ್ದು. ‘ಆಕ್ಸಿಡೆಂಟ್ ಆಗಿಲ್ಲ, ನೀರಿಗೆ ಸಿಕ್ಕಿಲ್ಲ’ ಅಂತ ವಾಟ್ಸಾಪ್‌ನಲ್ಲೇ ಬರೆದಿದ್ದರು. ವಾರದೊಳಗೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಂಡವು, ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಬಂದ್ ಬೀಳುತ್ತದೆ. ಮೆಕ್ಯಾನಿಕ್ ಕಾರ್ಪೆಟ್ ಎತ್ತಿದರೆ ಕೆಳಗೆ ಒಣಗಿದ ಕೆಸರು! ಡೀಲರ್ ಮಾತ್ರ ‘ಇದ್ದ ಸ್ಥಿತಿಯಲ್ಲೇ ಒಪ್ಪಿದ್ದೇನೆ ಅಂತ ಸಹಿ ಹಾಕಿದ್ದೀರಿ, ಇನ್ನೇನೂ ಆಗಲ್ಲ’ ಅನ್ನುತ್ತಾರೆ. ಲಂಡನ್‌ನಲ್ಲಿರುವ ನಮ್ಮ ಭಾವ 30 ದಿನದೊಳಗೆ ವಾಪಸ್ ಕೊಡಬಹುದು ಅಂತಾರೆ. ನಿಜವಾ?

ಉತ್ತರ: ನಿಮ್ಮ ಭಾವ ಹೇಳಿದ್ದು ಅಲ್ಲಿಗೆ ಸರಿ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ, ಡೀಲರ್ ಮಾರಿದ ಕಾರಿನಲ್ಲಿ ದೋಷವಿದ್ದರೆ, ಅದು ಹಳೇ ಕಾರೇ ಆಗಿರಲಿ, 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ನಮ್ಮಲ್ಲಿ ಅಷ್ಟು ಸಲೀಸಲ್ಲ. ದೋಷ ಮಾರುವಾಗಲೇ ಇತ್ತು ಅಂತ ತೋರಿಸುವ ಹೊಣೆ ನಿಮ್ಮ ಮೇಲೇ ಬರುತ್ತದೆ.

ಹಾಗಂತ ‘ಏನೂ ಆಗಲ್ಲ’ ಅನ್ನುವ ಮಾತನ್ನು ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊಸ ಮಾಲು, ಹಳೇ ಮಾಲು ಅಂತ ಭೇದ ಮಾಡುವುದಿಲ್ಲ. ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಒಪ್ಪದಿರುವುದನ್ನೂ ಅದು ಅನುಚಿತ ವ್ಯಾಪಾರ ಅಂತಲೇ ಕರೆಯುತ್ತದೆ. ಬಿಲ್ಲಿನಲ್ಲಿ ಗಡುವು ಬರೆದಿದ್ದರೆ ಅಷ್ಟರೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ ಹಣ ವಾಪಸ್ ಕೊಡಬೇಕು. ಇಷ್ಟವಾಗಲಿಲ್ಲ ಅಂತ ಮರಳಿಸುವ ಹಕ್ಕು ಇದಲ್ಲ, ದೋಷ ಇರಲೇಬೇಕು. ಐದು ವರ್ಷ ಓಡಿದ ಕಾರಿನ ಕ್ಲಚ್ ಸವೆದಿದೆ, ಟೈರ್ ಹೋಗಿದೆ ಅಂತ ಹೋದರೆ ಯಾರೂ ಕೇಳಲ್ಲ, ಅದು ನ್ಯಾಯವೇ. ನಿಮ್ಮದು ಹಾಗಲ್ಲ. ನೀರಿನಲ್ಲಿ ಮುಳುಗಿದ ಗಾಡಿಯನ್ನು ಮುಳುಗಿಲ್ಲ ಅಂತ ಬರೆದುಕೊಟ್ಟು ಮಾರಿದ್ದಾರೆ. ಇದ್ದ ಸ್ಥಿತಿಗೆ ನೀವು ಸಹಿ ಹಾಕಿದ್ದೀರಿ ಸರಿ, ಆದರೆ ಆ ಸ್ಥಿತಿ ಏನು ಅಂತಲೇ ನಿಮ್ಮಿಂದ ಮುಚ್ಚಿಟ್ಟಿದ್ದರಲ್ವಾ? ಮುಚ್ಚಿಟ್ಟು ಮಾರಿದವರಿಗೆ ಆ ಸಹಿ ದೊಡ್ಡ ರಕ್ಷಣೆ ಆಗುವುದಿಲ್ಲ.

ಪುಣೆಯಲ್ಲಿ ಇದು ಹೊಸದೇನಲ್ಲ. 2024ರ ಜುಲೈನಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿತ್ತು, ಕೆಳಗೆ ನಿಲ್ಲಿಸಿದ್ದ ಗಾಡಿಗಳ ಗತಿ ಹೇಳಬೇಕಾ? ಮುಳುಗಿದ ಕಾರನ್ನು ತೊಳೆದು, ಸೀಟ್ ಕವರ್ ಬದಲಿಸಿ ನಿಲ್ಲಿಸಿದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ವೈರಿಂಗ್ ಕನೆಕ್ಟರ್‌ಗಳ ಒಳಗೆ ತುಕ್ಕು ಮಾತ್ರ ನಿಧಾನಕ್ಕೆ ಹಿಡಿಯುತ್ತಲೇ ಇರುತ್ತದೆ.

ಈಗ ಮೊದಲ ಕೆಲಸ, ರಿಪೇರಿ ನಿಲ್ಲಿಸಿ. ಕಾರ್ಪೆಟ್ ತೊಳೆಸಬೇಡಿ, ವೈರ್ ಬದಲಿಸಬೇಡಿ. ಜನ ಗಾಬರಿಯಲ್ಲಿ ಎಲ್ಲ ಸರಿ ಮಾಡಿಸಿಬಿಡುತ್ತಾರೆ, ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ. ಕೆಸರು, ಸೀಟಿನ ಕೆಳಗಿನ ಕಂಬಿಯ ತುಕ್ಕು, ಸ್ಟೆಪ್ನಿ ಇಡುವ ಜಾಗ, ಎಲ್ಲದರ ಫೋಟೊ, ವಿಡಿಯೊ ತೆಗೆಯಿರಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಟೋ ಮಾಡಿಸಿ, ದೋಷವೇನು, ಕಾರಣವೇನು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಅಲ್ಲೇ ಹಳೇ ಸರ್ವಿಸ್ ಹಿಸ್ಟರಿ ಕೇಳಿ. ನೀರು ನುಗ್ಗಿ ಆದ ರಿಪೇರಿ ಅದರಲ್ಲಿ ಸಿಕ್ಕಿದರೆ ನಿಮ್ಮ ಕೇಸು ತುಂಬಾ ಗಟ್ಟಿ. ವಾಟ್ಸಾಪ್ ಮಾತುಕತೆ ಪೂರ್ತಿ ಉಳಿಸಿಕೊಳ್ಳಿ. ಆ ಒಂದು ಸಾಲೇ ನಿಮ್ಮ ದೊಡ್ಡ ಬಲ.

ಆಮೇಲೆ ಡೀಲರ್‌ಗೆ ನೋಟಿಸ್. ಫೋನಿನಲ್ಲಿ ಜಗಳ ಆಡಿ ಏನೂ ಪ್ರಯೋಜನವಿಲ್ಲ. ಏನು ಹೇಳಿ ಮಾರಿದಿರಿ, ಏನು ಸಿಕ್ಕಿತು, ಇಷ್ಟು ದಿನದೊಳಗೆ ಕಾರು ತೆಗೆದುಕೊಂಡು ಹಣ ಕೊಡಿ ಅಂತ ಬರೆದು ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ. ಸಿಟ್ಟಿನಲ್ಲಿ ಕಾರನ್ನು ಅವರ ಅಂಗಡಿ ಮುಂದೆ ಬಿಟ್ಟು ಬರಬೇಡಿ, ರಸೀದಿ ಇಲ್ಲದೆ ಕೊಟ್ಟ ಗಾಡಿಗೆ ಏನಾದರೂ ಆದರೆ ತಲೆನೋವು ನಿಮಗೇ. ಬ್ಯಾಂಕಿನ ಕಂತನ್ನೂ ನಿಲ್ಲಿಸಬೇಡಿ. ಸಾಲ ಕೊಟ್ಟಿದ್ದು ಬ್ಯಾಂಕು, ಅದಕ್ಕೂ ಡೀಲರ್ ಜಗಳಕ್ಕೂ ಸಂಬಂಧವಿಲ್ಲ.

ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಡೀಲರ್‌ಗಳು ಆ ಹಂತದಲ್ಲೇ ರಾಜಿಗೆ ಬರುತ್ತಾರೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದ ಅವಧಿ ಇದೆ, ಆದರೆ ತಡ ಮಾಡಿದಷ್ಟೂ ದೋಷ ನಿಮ್ಮ ಬಳಕೆಯಿಂದಲೇ ಬಂತು ಅನ್ನಲು ಅವರಿಗೆ ಅವಕಾಶ. ಬೇಕಿದ್ದರೆ ಆಯೋಗವೇ ಗಾಡಿಯನ್ನು ಪರೀಕ್ಷೆಗೆ ಕಳಿಸುತ್ತದೆ, ಅದರ ಖರ್ಚನ್ನು ಮೊದಲು ನೀವು ಕಟ್ಟಬೇಕಾಗುತ್ತದೆ. ಪರೀಕ್ಷೆ ಇದ್ದರೆ ಐದು ತಿಂಗಳು, ಇಲ್ಲದಿದ್ದರೆ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿಯೇ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹಣದ ಜೊತೆ ಬಡ್ಡಿ, ಟೋ ಖರ್ಚು, ಪರಿಹಾರ ಎಲ್ಲವನ್ನೂ ದೂರಿನಲ್ಲೇ ಕೇಳಿ, ಕೇಳದ್ದು ಸಿಗುವುದು ಕಷ್ಟ.

ಪ್ರಶ್ನೆ: ಮುಂಬೈಯ ಭಾಂಡುಪ್‌ನಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತೇನೆ. ಸಾಮಾನು ತರಲು ಪಕ್ಕದ ಬಿಲ್ಡಿಂಗಿನವರಿಂದ ಹಳೇ ಟೆಂಪೊ ತೆಗೆದುಕೊಂಡೆ. ಇಂಜಿನ್ ಹೋಗಿದೆ. ನಾನೂ ಆಯೋಗಕ್ಕೆ ಹೋಗಬಹುದಾ?

ಉತ್ತರ: ವ್ಯಾಪಾರಕ್ಕೆ ಕೊಂಡಿದ್ದು ಅನ್ನುವುದೊಂದೇ ಅಡ್ಡಿ ಆಗಲಾರದು, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನೂ ಕಾಯ್ದೆ ಗ್ರಾಹಕರೆಂದೇ ನೋಡುತ್ತದೆ. ತೊಡಕಿರುವುದು ಮಾರಿದವರ ಕಡೆ. ಅವರು ವ್ಯಾಪಾರಿ ಅಲ್ಲ, ತಮ್ಮ ಗಾಡಿ ತಾವು ಮಾರಿದ್ದಾರೆ, ಹಾಗಾಗಿ ಆಯೋಗದಲ್ಲಿ ಇದು ನಿಲ್ಲುವುದು ಕಷ್ಟ. ಸುಳ್ಳು ಹೇಳಿ ಮಾರಿದ್ದಕ್ಕೆ ಪುರಾವೆ ಇದ್ದರೆ ಸಿವಿಲ್ ಕೋರ್ಟಿನ ದಾರಿ ಇದೆ. ಅದಕ್ಕೂ ಮೊದಲು ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿ, ಇಂಜಿನ್ ಖರ್ಚಿನಲ್ಲಿ ಅರ್ಧ ಕೊಡಲು ಒಪ್ಪಿದರೂ ಒಪ್ಪಿಕೊಳ್ಳಿ. ಮತ್ತೆ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದ್ದರೆ, ಈ ಮಾತುಕತೆ ಮುಗಿಯುವವರೆಗೆ ಆ ಟೆಂಪೊ ರಸ್ತೆಗೆ ಇಳಿಸಬೇಡಿ.