ಅಂಗಡಿಯಲ್ಲಿ ಫಳಫಳ ಅಂದ ಅಗ್ಗದ 4ಕೆ ಟಿವಿ, ಮನೆಯಲ್ಲಿ ಕೇಬಲ್ ಹಾಕಿದ ಮೇಲೆ ಯಾಕೆ ಮಸುಕು?

ಟಿವಿ ಕೆಟ್ಟಿಲ್ಲ. ಅದಕ್ಕೆ ಸಿಗುತ್ತಿರುವ ಚಿತ್ರವೇ ಚಿಕ್ಕದು.

ಸಾಮಾನ್ಯ (ಎಸ್‌ಡಿ) ಚಾನೆಲ್‌ನ ಒಂದು ಚಿತ್ರದಲ್ಲಿ ಇರುವುದು ಹೆಚ್ಚೆಂದರೆ 720 × 576, ಅಂದರೆ ಸುಮಾರು 4 ಲಕ್ಷ ಚುಕ್ಕೆ. ನಿಮ್ಮ 4ಕೆ ಪರದೆಯಲ್ಲಿರುವುದು ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕೆಗೂ ಇನ್ನು 19 ಚುಕ್ಕೆಯನ್ನು ಟಿವಿಯೇ ಅಂದಾಜಿನಲ್ಲಿ ತುಂಬಬೇಕು. ದುಬಾರಿ ಟಿವಿಯ ಚಿಪ್ ಇದನ್ನು ನಾಜೂಕಾಗಿ ಮಾಡುತ್ತದೆ. ಅಗ್ಗದ್ದು ಹೆಚ್ಚುಕಡಿಮೆ ಸುಮ್ನೆ ಹಿಗ್ಗಿಸಿಬಿಡುತ್ತದೆ. ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಅಕ್ಷರಗಳನ್ನು ಹತ್ತಿರದಿಂದ ನೋಡಿ, ಸುತ್ತಲೂ ಕೊಳೆ ಮೆತ್ತಿದ ಹಾಗಿರುತ್ತದೆ.

ಅಂಗಡಿಯವರು ಹಾಕುವುದು 4ಕೆಯಲ್ಲೇ ತೆಗೆದ ಹೂವು, ಹಕ್ಕಿಗಳ ವಿಡಿಯೊ. ಅದೂ ಬಣ್ಣ ಕಣ್ಣಿಗೆ ರಾಚುವ ವಿವಿಡ್ ಮೋಡ್‌ನಲ್ಲಿ. ಮದುವೆಗೆ ಮೊದಲು ತೋರಿಸುವ ಸ್ಟುಡಿಯೊ ಫೋಟೊ ಇದ್ದ ಹಾಗೆ, ಅಲ್ವಾ?

ಸೆಟ್ ಟಾಪ್ ಬಾಕ್ಸಿಗೆ ಹಳದಿ-ಕೆಂಪು-ಬಿಳಿ ಪಿನ್ನಿನ ವೈರ್ ಇದ್ದರೆ ಮೊದಲು ಅದನ್ನು ಕಿತ್ತು ಎಚ್‌ಡಿಎಂಐ ಕೇಬಲ್ ಹಾಕಿ. ದಿನಾ ನೋಡುವ ನಾಲ್ಕೈದು ಚಾನೆಲ್ ಎಚ್‌ಡಿ ಮಾಡಿಸಿಕೊಳ್ಳಿ. ಬಾಕ್ಸೂ ಎಚ್‌ಡಿಯದೇ ಆಗಿರಬೇಕು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಶಾರ್ಪ್‌ನೆಸ್ ಇಳಿಸಿ. ಜಾಸ್ತಿ ಮಾಡಿದಷ್ಟೂ ಆ ಕೊಳೆಯೇ ಎದ್ದು ಕಾಣುತ್ತದೆ.

ಡಬ್ಬದ ಮೇಲಿನ ಎಚ್‌ಡಿಆರ್ (ಚಿತ್ರದ ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುವ ತಂತ್ರ) ಸ್ಟಿಕ್ಕರ್ ನೋಡಿ ಮಾತ್ರ ಹಿಗ್ಗಬೇಡಿ. ಅದು ಚೆಂದ ಕಾಣಲು ಪರದೆಯ ಸ್ವಂತ ಬೆಳಕು ಜೋರಾಗಿರಬೇಕು, ಅಗ್ಗದ ಟಿವಿಯಲ್ಲಿ ಸಾಮಾನ್ಯವಾಗಿ ಅದೇ ಕಡಿಮೆ.