ನಿಮ್ಮ ‘ಬುಫೆ ಫ್ರುವಾ’ ಲೇಖನದ ಬಗ್ಗೆ

ನಮಸ್ಕಾರ.

‘ಬುಫೆ ಫ್ರುವಾ’ ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. 1979ರ ಈ ಫ್ರೆಂಚ್ ಸಿನಿಮಾ ನನಗೂ ತುಂಬಾ ಇಷ್ಟ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂಬತ್ತು ಪುಟದಲ್ಲಿ ಆರು ಪುಟ ಬರೀ ಕಥೆ. ಉಳಿದದ್ದರಲ್ಲಿ ‘ಬೆನ್ನಿಗೆ ಚೂರಿ’ ಅನ್ನುವ ಮಾತೇ ನಾಲ್ಕು ಸಲ ಬಂದಿದೆ. ಈ ಸಿನಿಮಾದಲ್ಲಿ ನಿಜವಾದ ಚೂರಿಯೇ ಇದೆ, ಅಲ್ವಾ? ಪ್ಯಾರಿಸ್ಸಿನ ಲಾ ದೆಫಾನ್ಸ್ ರೈಲು ನಿಲ್ದಾಣ, ರಾತ್ರಿ, ಜನವೇ ಇಲ್ಲ. ನಟ ಜೆರಾರ್ ದೆಪಾರ್ದ್ಯು ಮಾಡಿದ ಅಲ್ಫೋನ್ಸ್ ಗುರುತಿಲ್ಲದ ಒಬ್ಬ ಲೆಕ್ಕಿಗನನ್ನು ಮಾತಿಗೆ ಎಳೆಯುತ್ತಾನೆ. ಚೂರಿ ತೆಗೆದು ತೋರಿಸುತ್ತಾನೆ, ಪಕ್ಕದ ಸೀಟಿನ ಮೇಲೆ ಇಡುತ್ತಾನೆ. ಆಮೇಲೆ ನೋಡಿದರೆ ಚೂರಿ ಇಲ್ಲ. ಸ್ವಲ್ಪ ಹೊತ್ತಿಗೆ ಅದೇ ಚೂರಿ ಆ ಲೆಕ್ಕಿಗನ ಹೊಟ್ಟೆಯಲ್ಲಿ! ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಇಲ್ಲಿ ನಿಲ್ಲಿ. ಆ ಸೀಟು ನನಗೆ ಕಾಣಬೇಕು.

ಸ್ನೇಹದ ವಿಷಯಕ್ಕೆ ಬರೋಣ. ಅಲ್ಫೋನ್ಸನ ಹೆಂಡತಿಯನ್ನು ಕೊಂದವನು ಸೀದಾ ಮನೆಗೇ ಬಂದು ಒಪ್ಪಿಕೊಳ್ಳುತ್ತಾನೆ. ಅಲ್ಫೋನ್ಸ್ ಅವನನ್ನು ಒಳಗೆ ಕರೆಯುತ್ತಾನೆ. ಅದೇ ಕಟ್ಟಡದಲ್ಲಿರುವ ಪೊಲೀಸ್ ಇನ್‌ಸ್ಪೆಕ್ಟರ್ ಕೂಡ ಪಿಟೀಲು ನುಡಿಸುತ್ತಿದ್ದ ತನ್ನ ಹೆಂಡತಿಯನ್ನು ಕೊಂದವನೇ. ಮೂವರೂ ಜೊತೆಯಾಗುತ್ತಾರೆ. ಆ ಎತ್ತರದ ಹೊಸ ಕಟ್ಟಡದಲ್ಲಿ ಮಾತಾಡಿಸಲು ಬೇರೆ ಯಾರಿದ್ದಾರೆ? ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಸಾಕು ಅನ್ನುವಷ್ಟು ಒಂಟಿತನ ಅದು. ನೀವು ‘ವಿಚಿತ್ರ ಸ್ನೇಹ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. ಈ ಸ್ನೇಹ ಓದುಗರಿಗೆ ಹತ್ತಿರವಾಗದಿದ್ದರೆ ಕೊನೆಯ ದ್ರೋಹ ತಟ್ಟುವುದೇ ಇಲ್ಲ.

ಒಂದು ತಪ್ಪೂ ಇದೆ. ಇನ್‌ಸ್ಪೆಕ್ಟರ್ ಪಾತ್ರದ ಬೆರ್ನಾರ್ ಬ್ಲಿಯೇ, ನಿರ್ದೇಶಕ ಬೆರ್ತ್ರಾಂ ಬ್ಲಿಯೇ ಅವರ ಅಣ್ಣ ಅಲ್ಲ, ತಂದೆ. ಇದು ಸುಮ್ನೆ ತಿದ್ದಿ ಬಿಡುವ ವಿಷಯವಲ್ಲ. ಕೊನೆಯಲ್ಲಿ ದೋಣಿ ಇದೆಯಲ್ಲ, ಇನ್‌ಸ್ಪೆಕ್ಟರಿಗೆ ಈಜು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಅಲ್ಫೋನ್ಸ್ ಅವನನ್ನು ನೀರಿಗೆ ತಳ್ಳುತ್ತಾನೆ. ಆ ದೃಶ್ಯ ಬರೆದು ತೆಗೆದದ್ದು ಮಗ. ಮುಳುಗುವವರು ಅಪ್ಪ. ಗೊತ್ತಾದ ದಿನ ನಾನು ಮತ್ತೆ ಹಾಕಿಕೊಂಡು ನೋಡಿದ್ದೆ. ಅಲ್ಫೋನ್ಸನ ಜೊತೆ ದೋಣಿಯಲ್ಲಿ ಉಳಿಯುವ ಹುಡುಗಿ ಆ ಲೆಕ್ಕಿಗನ ಮಗಳು ಅನ್ನುವುದನ್ನು ಮಾತ್ರ ದಯವಿಟ್ಟು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಡಿ.

ನಿಮ್ಮ ಏಳನೇ ಪುಟದಲ್ಲಿ ಒಂದು ಮಾತಿದೆ. ಹಾಸ್ಟೆಲಿನಲ್ಲಿ ಈ ದೋಣಿಯ ದೃಶ್ಯ ನೋಡಿ ನೀವು ಜೋರಾಗಿ ನಕ್ಕಿರಿ, ಪಕ್ಕದ ಮಂಚದ ಗೆಳೆಯ ನಿಮ್ಮ ಮುಖವನ್ನೇ ನೋಡಿದ, ನಿಮಗೆ ನಾಚಿಕೆಯಾಯಿತು. ಇಡೀ ಲೇಖನದಲ್ಲಿ ನಿಮ್ಮದೇ ಅನ್ನಿಸಿದ್ದು ಇದೊಂದೇ. ಅಲ್ಲಿಂದಲೇ ಶುರು ಮಾಡಿ. 800 ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ