ಸೈಕಲ್ ಮೇಲೆ ಉಳಿಸಿಕೊಂಡದ್ದೇ ಓಟಕ್ಕೆ: ದೂರದ ಟ್ರಯಥ್ಲಾನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು 226 ಕಿ.ಮೀ. ಟ್ರಯಥ್ಲಾನ್ ಕುರಿತವು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ, ಎಲ್ಲವೂ ಒಂದೇ ದಿನ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಅರ್ಧ ದೂರದ (113 ಕಿ.ಮೀ.) ಸ್ಪರ್ಧೆ ಮುಗಿಸಿದ್ದೇನೆ. ಎಂಟು ತಿಂಗಳ ನಂತರದ ಪೂರ್ಣ ದೂರಕ್ಕೆ ಹೆಸರು ಕೊಟ್ಟಿದ್ದೇನೆ. ದಿನವಿಡೀ ಕೆಲಸ. ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಬೇಕು? ಸ್ಪರ್ಧೆಗೆ ಮೊದಲು ಒಂದು ಮ್ಯಾರಥಾನ್ ಓಡಿ ನೋಡಬೇಕೇ?

ಎಂಟು ತಿಂಗಳು ಧಾರಾಳವಾಯಿತು. ಮೊದಲ ಮೂರು ತಿಂಗಳು ವಾರಕ್ಕೆ 7–8 ಗಂಟೆ ಸಾಕು. ಅಲ್ಲಿಂದ ನಿಧಾನಕ್ಕೆ ಏರಿಸುತ್ತಾ ಹೋಗಿ. ಸ್ಪರ್ಧೆಗೆ ಹತ್ತು ವಾರ ಇರುವಾಗಿನಿಂದ ಮೂರು ವಾರ ಉಳಿಯುವವರೆಗೆ 12–14 ಗಂಟೆ ಕೊಡಲು ಆದರೆ ಮುಗಿಸುವ ಮಟ್ಟಿಗೆ ಚಿಂತೆಯಿಲ್ಲ. ಈ ಸಮಯದಲ್ಲಿ ಹತ್ತಿರ ಹತ್ತಿರ ಅರ್ಧ ಸೈಕಲ್ಲಿಗೇ ಹೋಗಲಿ, ಏಕೆಂದರೆ ಸ್ಪರ್ಧೆಯ ದಿನವೂ ಅರ್ಧ ಹೊತ್ತು ಸೀಟಿನ ಮೇಲೇ ಕಳೆಯುತ್ತದೆ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿಮೆ ಮಾಡಿ. ಮೈ ಗಟ್ಟಿಯಾಗುವುದು ಆ ಹಗುರ ವಾರದಲ್ಲೇ. ಅದನ್ನು ಬಿಟ್ಟವರು ಐದಾರು ತಿಂಗಳಲ್ಲಿ ಮೊಣಕಾಲಿನದೋ ಹಿಮ್ಮಡಿಯದೋ ನೋವು ಕಟ್ಟಿಕೊಳ್ಳುತ್ತಾರೆ.

ವಾರಾಂತ್ಯದ ಉದ್ದ ಸವಾರಿ ಐದರಿಂದ ಆರು ಗಂಟೆಯವರೆಗೆ ಬೆಳೆಯಲಿ. ಅಷ್ಟು ಉದ್ದದ್ದು ಒಟ್ಟು ನಾಲ್ಕೈದು ಆದರೆ ಸಾಕು. ಉದ್ದ ಓಟವನ್ನು ಎರಡೂವರೆ ಗಂಟೆ ದಾಟಿಸಬೇಡಿ. ಆದ್ದರಿಂದ ಮ್ಯಾರಥಾನ್ ಬೇಡ. ಅದು ಕೊಡುವ ಧೈರ್ಯಕ್ಕಿಂತ, ಅದಾದ ಮೇಲೆ ಸುಧಾರಿಸಿಕೊಳ್ಳಲು ಹೋಗುವ ವಾರಗಳ ನಷ್ಟ ದೊಡ್ಡದು. ಬದಲಿಗೆ ಹತ್ತು ಹದಿನೈದು ದಿನಕ್ಕೊಮ್ಮೆ ಉದ್ದ ಸವಾರಿ ಮುಗಿಸಿದ ಕೂಡಲೇ ಶೂ ಬದಲಿಸಿ 20–40 ನಿಮಿಷ ಓಡಿ. ಇದನ್ನು 'ಬ್ರಿಕ್' ಅನ್ನುತ್ತಾರೆ. ಮೊದಲ ಒಂದೆರಡು ಕಿ.ಮೀ. ಕಾಲು ನಮ್ಮದಲ್ಲ ಅನ್ನಿಸುತ್ತದೆ, ಆದರೂ ಗಡಿಯಾರ ನೋಡಿದರೆ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿರುತ್ತೀರಿ. ಈ ತಪ್ಪು ಅಂದಾಜನ್ನು ಅಭ್ಯಾಸದಲ್ಲೇ ಕಂಡುಕೊಳ್ಳಬೇಕು.

ಉದ್ದದ ಅಭ್ಯಾಸವೆಲ್ಲ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು ಹಗುರವಾಗಿರಲಿ.

ಪ್ರಶ್ನೆ: ನನ್ನ ತಂಗಿ ಈಜುಕೊಳದಲ್ಲಿ ನಾಲ್ಕು ಕಿ.ಮೀ. ಸಲೀಸಾಗಿ ಈಜುತ್ತಾಳೆ. ಕೆರೆಗೆ ಇಳಿದರೆ ಐದೇ ನಿಮಿಷಕ್ಕೆ ಉಸಿರು ಸಿಗುವುದಿಲ್ಲ, ಎದೆ ಬಿಗಿಯುತ್ತದೆ ಅನ್ನುತ್ತಾಳೆ. ಏನು ಮಾಡುವುದು?

ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಹೃದಯದ ತಪಾಸಣೆ ಮಾಡಿಸಿ. ಎದೆ ಬಿಗಿಯುತ್ತದೆ ಅಂದಮೇಲೆ ಇದನ್ನು ಮುಂದಕ್ಕೆ ಹಾಕಬಾರದು. ಈಜುವಾಗ ಕೆಮ್ಮು ಬಂದು, ಕಫ ನಸುಗೆಂಪು ನೊರೆಯಂತೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕೂಡಲೇ ಕೈ ಎತ್ತಿ ದೋಣಿಯವರನ್ನು ಕರೆಯಬೇಕು, ಆ ದಿನ ಮತ್ತೆ ನೀರಿಗಿಳಿಯಬಾರದು.

ತಪಾಸಣೆಯಲ್ಲಿ ಏನೂ ಇಲ್ಲವೆಂದಾದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ತಣ್ಣೀರು ಮುಖಕ್ಕೆ, ಎದೆಗೆ ತಾಗಿದೊಡನೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಒಂದೆರಡು ನಿಮಿಷ ಹಿಡಿತಕ್ಕೆ ಸಿಗುವುದಿಲ್ಲ. ಎರಡನೆಯದು, ಗಾಬರಿಯಲ್ಲಿ ಉಸಿರು ಒಳಗೆಳೆಯುವುದಷ್ಟೇ ನಡೆದು ಹೊರಬಿಡುವುದು ನಿಂತಿರುತ್ತದೆ. ಗಾಳಿ ಸಾಲದು ಅನ್ನಿಸುವುದು ಬಿಡದೆ ಉಳಿದ ಉಸಿರಿನಿಂದ. ಮೂರನೆಯದು ವೆಟ್‌ಸೂಟ್ (ಚಳಿ ತಡೆಯುವ ಬಿಗಿ ರಬ್ಬರ್ ಈಜುಡುಪು): ತೊಡುವಾಗ ತೊಡೆಸಂದಿಯವರೆಗೆ ಸರಿಯಾಗಿ ಮೇಲೆಳೆಯದಿದ್ದರೆ ಅದು ಭುಜ, ಕುತ್ತಿಗೆಯನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ.

ಇನ್ನು ಅಭ್ಯಾಸ. ಒಬ್ಬಳೇ ಇಳಿಯುವುದು ಬೇಡ, ಜೊತೆಗೊಬ್ಬರು, ಸೊಂಟಕ್ಕೆ ಬಣ್ಣದ ತೇಲುಬುಡ್ಡೆ ಇರಲಿ. ನೀರಿಗಿಳಿದು ಮುಖಕ್ಕೆ, ಕುತ್ತಿಗೆಗೆ ನೀರು ಎರಚಿಕೊಂಡು ಎರಡು ನಿಮಿಷ ಸುಮ್ಮನೆ ತೇಲಲಿ. ಆಮೇಲೆ ಮುಖ ಮುಳುಗಿಸಿ ಗುಳ್ಳೆ ಬಿಡುತ್ತಾ ಹತ್ತು ಸಲ ಉಸಿರು ಪೂರ್ತಿ ಖಾಲಿ ಮಾಡಲಿ. ಮೊದಲ 200 ಮೀಟರ್ ಅತಿ ನಿಧಾನ. ಸ್ಪರ್ಧೆಯಲ್ಲಿ ಗುಂಪಿನ ಅಂಚಿನಲ್ಲಿ ನಿಲ್ಲಲಿ. ಗಾಬರಿಯಾದರೆ ಅಂಗಾತ ಮಲಗಿ ತೇಲುವುದಕ್ಕೂ, ರಕ್ಷಣಾ ದೋಣಿ ಹಿಡಿದು ನಿಲ್ಲುವುದಕ್ಕೂ ನಿಯಮದಲ್ಲಿ ಅಡ್ಡಿಯಿಲ್ಲ, ಮುಂದಕ್ಕೆ ಸಾಗಲು ಅದನ್ನು ಬಳಸದಿದ್ದರೆ ಆಯಿತು.

ದಿಕ್ಕು ನೋಡುವುದನ್ನೂ ಕಲಿಯಲಿ. ಆರರಿಂದ ಹತ್ತು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬಂದರೆ ಸಾಕು, ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ. ಸೊಟ್ಟ ಈಜಿ ನೂರಕ್ಕೆ ಐದರಷ್ಟು ದಾರಿ ತಪ್ಪಿದರೂ 190 ಮೀಟರ್ ದಂಡ.

ಪ್ರಶ್ನೆ: ಗಂಟೆಗೆ 90 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಬೇಕೆಂದು ಓದಿ ಹಾಗೇ ತಿಂದೆ. 120 ಕಿ.ಮೀ. ಸೈಕಲ್ ಹೊತ್ತಿಗೆ ಹೊಟ್ಟೆ ಉಬ್ಬರಿಸಿತು, ಓಟದಲ್ಲಿ ವಾಂತಿ. ಪೂರ್ತಿ ನಡೆದೇ ಮುಗಿಸಿದೆ. ನನ್ನ ಮೈಗೆ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಆಗುವುದಿಲ್ಲವೇ?

ಜೆಲ್ ಬಿಡುವ ಮೊದಲು ಲೆಕ್ಕ ಮಾಡಿ ನೋಡಿ. ಹೊಟ್ಟೆ ಕೆಟ್ಟಿತು ಎಂದು ಬರೆದ ಓದುಗರಲ್ಲಿ ಹೆಚ್ಚಿನವರ ಕಥೆ ಒಂದೇ: ಜೆಲ್ ನುಂಗಿ ಅದರ ಮೇಲೆ ನೀರಿನ ಬದಲು ಸಿಹಿ ಪಾನೀಯ ಕುಡಿದಿರುತ್ತಾರೆ. ಒಂದು ಗಂಟೆಯಲ್ಲಿ 25 ಗ್ರಾಮಿನ ಎರಡು ಜೆಲ್, 40 ಗ್ರಾಂ ಪುಡಿ ಕಲಸಿದ 500 ಮಿ.ಲೀ. ಬಾಟಲಿ ಒಂದು. ಒಟ್ಟು 90 ಗ್ರಾಂ ಸರಿಯೇ. ಆದರೆ ಅಷ್ಟಕ್ಕೂ ಹೊಟ್ಟೆಗೆ ಹೋದ ದ್ರವ ಅರ್ಧ ಲೀಟರ್, ಅಂದರೆ ಶೇ. 18ರ ಪಾಕ. ಸಾಮಾನ್ಯ ಕ್ರೀಡಾ ಪಾನೀಯ ಶೇ. 6–8ರಷ್ಟು ತೆಳುವಾಗಿರುತ್ತದೆ. ಪಾಕ ಗಟ್ಟಿಯಾದಷ್ಟೂ ಹೊಟ್ಟೆಯಿಂದ ಮುಂದಕ್ಕೆ ಇಳಿಯುವುದು ನಿಧಾನ. ಕರುಳು ಅದನ್ನು ತೆಳುಮಾಡಲು ಮೈಯೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಒಳಗೆ ಗುಳುಗುಳು, ಹೊರಗೆ ಬಾಯಾರಿಕೆ. ಅದೇ 90 ಗ್ರಾಮಿಗೆ ಬಿಸಿಲಿನ ದಿನ 800 ಮಿ.ಲೀ.ನಿಂದ ಒಂದು ಲೀಟರ್ ದ್ರವ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇನ್ನೊಂದು ಸಂಗತಿ ಪೊಟ್ಟಣದ ಹಿಂದೆ ಅಚ್ಚಾಗಿರುತ್ತದೆ. ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ದಾಟುವ ಬಾಗಿಲು ಗಂಟೆಗೆ ಸುಮಾರು 60 ಗ್ರಾಮಿಗೆ ತುಂಬಿಹೋಗುತ್ತದೆ. ಫ್ರುಕ್ಟೋಸ್ ದಾಟುವ ಬಾಗಿಲೇ ಬೇರೆ. 60 ಗ್ರಾಂ ಮೀರಬೇಕಾದರೆ ಎರಡೂ ಇರಬೇಕು, ಗ್ಲೂಕೋಸ್ ಮೊದಲು, ಫ್ರುಕ್ಟೋಸ್ ಆಮೇಲೆ ಎಂಬಂತೆ 2:1 ಅಥವಾ 1:0.8ರ ಪ್ರಮಾಣದಲ್ಲಿ. ಬರೀ ಮಾಲ್ಟೋಡೆಕ್ಸ್‌ಟ್ರಿನ್ (ಕರುಳಲ್ಲಿ ಒಡೆದು ಗ್ಲೂಕೋಸೇ ಆಗುವಂಥದು) ಇರುವ ಪುಡಿಯಲ್ಲೇ 90 ಮುಟ್ಟಲು ಹೋದರೆ ಉಳಿದ 30 ಗ್ರಾಂ ಕರುಳಲ್ಲೇ ಕೊಳೆಯುತ್ತದೆ.

ಹೊಟ್ಟೆಗೂ ಅಭ್ಯಾಸ ಬೇಕು. ಎಂಟು ವಾರ ಮೊದಲು ಉದ್ದ ಸವಾರಿಯಲ್ಲಿ ಗಂಟೆಗೆ 45–50 ಗ್ರಾಮಿನಿಂದ ಶುರುಮಾಡಿ, ಎರಡು ವಾರಕ್ಕೆ 10 ಗ್ರಾಮಿನಂತೆ ಏರಿಸಿ. 75ರಲ್ಲಿ ಹೊಟ್ಟೆ ತಕರಾರು ತೆಗೆದರೆ 70ಕ್ಕೇ ನಿಲ್ಲಿ. ಹೊಟ್ಟೆ ಒಪ್ಪಿದ 70 ಗ್ರಾಂ, ವಾಂತಿಯಾಗುವ 90ಕ್ಕಿಂತ ಎಷ್ಟೋ ಮೇಲು.

ನೀರಿನ ಲೆಕ್ಕ ನಿಮ್ಮದೇ ಮೈಯಿಂದ ತೆಗೆಯಿರಿ. ಸ್ಪರ್ಧೆಯಂಥದೇ ಬಿಸಿಲಿನಲ್ಲಿ ಒಂದು ಗಂಟೆ ಸವಾರಿಗೆ ಮೊದಲು ಬಟ್ಟೆಯಿಲ್ಲದೆ ತೂಗಿಕೊಳ್ಳಿ, ಬಂದಮೇಲೆ ಬೆವರು ಒರೆಸಿಕೊಂಡು ಮತ್ತೆ ತೂಗಿಕೊಳ್ಳಿ. 70.0 ಇದ್ದದ್ದು 69.1 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರು 1.4 ಲೀಟರ್. ಅಷ್ಟನ್ನೂ ತುಂಬಿಸಬೇಕಿಲ್ಲ, ಮೂರರಲ್ಲಿ ಎರಡು ಭಾಗ ಸಾಕು. ಆದರೆ ಬೆವರಿಗಿಂತ ಹೆಚ್ಚು ಬರೀ ನೀರು ಕುಡಿಯುವುದು ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಬೆರಳು ಊದುವುದು, ಗೊಂದಲ ಶುರುವಾಗುತ್ತದೆ, ಜೀವಕ್ಕೇ ಬರಬಹುದು. ಕುಡಿಯುವ ಲೀಟರಿಗೆ 500–800 ಮಿ.ಗ್ರಾಂ. ಸೋಡಿಯಂ ಇರಲಿ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 390 ಮಿ.ಗ್ರಾಂ. ಸೋಡಿಯಂ ಇರುತ್ತದೆ. ನೋವಿನ ಮಾತ್ರೆಯನ್ನು ಮಾತ್ರ ಸ್ಪರ್ಧೆಯಲ್ಲಿ ನುಂಗಲೇಬೇಡಿ, ಅದು ಮೂತ್ರಪಿಂಡಕ್ಕೂ ಹೊಟ್ಟೆಗೂ ಹಾನಿ.

ಇಷ್ಟೆಲ್ಲ ಸರಿಯಿದ್ದೂ ಉಬ್ಬರಿಸಿದರೆ, ನೀವು ಸೈಕಲ್ ಜೋರಾಗಿ ತುಳಿದಿದ್ದೀರಿ. ಕಾಲಿಗೂ ಚರ್ಮಕ್ಕೂ ರಕ್ತ ಹರಿದರೆ ಕರುಳಿಗೆ ಉಳಿಯುವುದಿಲ್ಲ. ಆಗ ಹದಿನೈದು ಇಪ್ಪತ್ತು ನಿಮಿಷ ವೇಗ ಇಳಿಸಿ, ನೀರನ್ನಷ್ಟೇ ಗುಟುಕು ಗುಟುಕಾಗಿ ಕುಡಿಯಿರಿ. ತೇಗು ಬಂದು ಹೊಟ್ಟೆ ಹಗುರಾದ ಮೇಲೆ ಅರ್ಧ ಜೆಲ್‌ನಿಂದ ಮತ್ತೆ ಶುರು.

ಪ್ರಶ್ನೆ: ನನ್ನ ಎಫ್‌ಟಿಪಿ (ಸುಮಾರು ಒಂದು ಗಂಟೆ ಸತತ ತುಳಿಯಬಲ್ಲ ಗರಿಷ್ಠ ಶಕ್ತಿ) 220 ವ್ಯಾಟ್. 180 ಕಿ.ಮೀ. ಎಷ್ಟು ವ್ಯಾಟ್‌ನಲ್ಲಿ ತುಳಿಯಲಿ?

143ರಿಂದ 158, ಅಂದರೆ ಶೇ. 65–72. ಮೊದಲ ಸಲವಾದರೆ ಕೆಳಗಿನ ಅಂಕಿಯನ್ನೇ ಹಿಡಿಯಿರಿ. ಮೊದಲ ಗಂಟೆ ಇದು ತೀರಾ ಸುಲಭ ಅನ್ನಿಸುತ್ತದೆ, ಜನ ಪಕ್ಕದಿಂದ ಹಾದುಹೋಗುತ್ತಾರೆ. ಹೋಗಲಿ ಬಿಡಿ. ಏರಿನಲ್ಲಿ ಎದ್ದುನಿಂತು 250 ವ್ಯಾಟ್ ತುಳಿದರೆ ಸಿಗುವುದು ಕೆಲವು ಸೆಕೆಂಡು, ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಮಾತ್ರ ಸರಸರ ಉರಿದುಹೋಗುತ್ತದೆ. ಏರಿನಲ್ಲೂ 180 ದಾಟದಂತೆ ಗೇರ್ ಇಳಿಸಿಕೊಳ್ಳಿ. ಹಿಂದಿನ ದೊಡ್ಡ ಹಲ್ಲುಚಕ್ರದಲ್ಲೂ ಅದು ಆಗದಿದ್ದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಜೋಡಣೆ) ಬದಲಿಸುವುದು ಲೇಸು. ಸೈಕಲ್ಲಿನಲ್ಲಿ ಗಳಿಸಿದ ಹತ್ತು ನಿಮಿಷಕ್ಕೆ ಓಟದಲ್ಲಿ ಒಂದು ಗಂಟೆ ತೆತ್ತವರು ಬೇಕಾದಷ್ಟು ಜನ.

ಹಾಗೆಂದು ಗಡುವು ಮರೆಯಬೇಡಿ. ಹೆಚ್ಚಿನ ಕಡೆ ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಮುಗಿಯಲು ಮೊದಲಿನಿಂದ ಹತ್ತೂವರೆ ಗಂಟೆ, ಒಟ್ಟು 17 ಗಂಟೆ ಇರುತ್ತದೆ. ನಿಮ್ಮ ಸ್ಪರ್ಧೆಯ ನಿಯಮ ಓದಿಕೊಳ್ಳಿ. ಈಜು ಮತ್ತು ಬಟ್ಟೆ ಬದಲಾವಣೆಗೆ 1 ಗಂಟೆ 40 ನಿಮಿಷ ಹೋದರೆ ಸೈಕಲ್ಲಿಗೆ ಉಳಿಯುವುದು 8 ಗಂಟೆ 50 ನಿಮಿಷ. ನಿಂತ ಸಮಯವೂ ಸೇರಿ ಗಂಟೆಗೆ 20.4 ಕಿ.ಮೀ. ಸರಾಸರಿ ಬೇಕು.

ಪ್ರಶ್ನೆ: ಸ್ಪರ್ಧೆಯಲ್ಲಿ ಪಂಕ್ಚರ್ ಆಗಿ ಟ್ಯೂಬ್ ಬದಲಿಸಿದೆ. ಎರಡು ಕಿ.ಮೀ.ಗೆ ಮತ್ತೆ ಗಾಳಿ ಹೋಯಿತು. ಟ್ಯೂಬ್ ಕಳಪೆಯೇ?

ಟ್ಯೂಬಿನ ಮೇಲೆ ತಪ್ಪು ಹೊರಿಸುವ ಮೊದಲು ಟೈರ್ ಒಳಗೆ ನೋಡಿ. ಮೊದಲನೆಯದನ್ನು ಚುಚ್ಚಿದ್ದು ಅಲ್ಲೇ ಕೂತಿರುತ್ತದೆ.

ಹಳೆ ಟ್ಯೂಬ್ ತೆಗೆದ ಮೇಲೆ ಎಸೆಯದೆ ಸ್ವಲ್ಪ ಗಾಳಿ ಊದಿ ತೂತು ಹುಡುಕಿ. ಟ್ಯೂಬಿನ ವಾಲ್ವನ್ನು ಟೈರಿನ ಮೇಲೆ ಅದು ಇದ್ದ ಜಾಗಕ್ಕೇ ಹಿಡಿದರೆ, ತೂತಿನ ಎದುರಿಗೇ ಮುಳ್ಳೋ ಗಾಜೋ ಇರಬೇಕು. ಯಾವಾಗಲೂ ವಾಲ್ವ್ ಟೈರಿನ ಹೆಸರಿನ ಎದುರಿಗೆ ಬರುವಂತೆ ಕೂರಿಸಿದ್ದರೆ ಈ ಹುಡುಕಾಟ ಹತ್ತು ಸೆಕೆಂಡಿನದು. ಆಮೇಲೆ ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಒಂದು ಸುತ್ತು ನಿಧಾನವಾಗಿ ಸವರಿ. ಕಣ್ಣಿಗೆ ಕಾಣದ ಸಣ್ಣ ತಂತಿಯ ಚೂರೂ ಬೆರಳಿಗೆ ತಡೆಯುತ್ತದೆ. ಉಗುರಿಗೆ ಸಿಗದಿದ್ದರೆ ಹೊರಗಿನಿಂದ ಒಳಕ್ಕೆ ಒತ್ತಿ ತೆಗೆಯಿರಿ.

ತೂತು ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ ಸರಿದಿದೆ. ಪಕ್ಕಪಕ್ಕ ಎರಡು ಸೀಳು ಕಂಡರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದಾಗ ರಿಮ್ಮಿಗೆ ಬಡಿದದ್ದು.

ಹೊಸ ಟ್ಯೂಬಿಗೆ ಗುಂಡಗಾಗುವಷ್ಟು ಗಾಳಿ ಬಾಯಿಂದಲೇ ಊದಿ, ಆಮೇಲೆ ಒಳಗಿಡಿ. ಟೈರಿನ ಅಂಚನ್ನು ವಾಲ್ವಿನ ಎದುರು ತುದಿಯಿಂದ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯಲ್ಲಿ ಬಿಗಿಯಾದರೆ ಲಿವರ್ ಹಾಕದೆ, ಉಳಿದ ಕಡೆಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಹಿಸುಕಿ ಸಡಿಲ ತಂದುಕೊಳ್ಳಿ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಎರಡೂ ಬದಿ ಅಂಚನ್ನು ಸರಿಸಿ ಟ್ಯೂಬ್ ಇಣುಕುತ್ತಿಲ್ಲ ಎಂದು ನೋಡಿ. ಇದನ್ನು ಬಿಟ್ಟವರ ಟ್ಯೂಬೇ ಎರಡು ಕಿ.ಮೀ.ಗೆ ಡಬ್ಬೆನ್ನುವುದು. 25 ಮಿ.ಮೀ. ಟೈರಿಗೆ 16 ಗ್ರಾಮಿನ ಒಂದು ಸಿಒ2 ಕಾರ್ಟ್ರಿಜ್ (ಪಂಪಿನ ಬದಲು ಬಳಸುವ ಪುಟ್ಟ ಅನಿಲದ ಡಬ್ಬಿ) ಸಾಕು. ಅದು ಮಂಜಿನಂತಾಗಿ ಬೆರಳಿಗೆ ಅಂಟುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ. ರಿಮ್ ಎತ್ತರದ್ದಾದರೆ ನಿಮ್ಮ ಬಿಡಿ ಟ್ಯೂಬಿನ ವಾಲ್ವ್ ಅದನ್ನು ದಾಟುತ್ತದೆಯೇ ಎಂದು ಮನೆಯಲ್ಲೇ ನೋಡಿ. ಇದು ರಸ್ತೆಯಲ್ಲಿ ಗೊತ್ತಾದರೆ ಸ್ಪರ್ಧೆ ಅಲ್ಲಿಗೆ ಮುಗಿದಂತೆ.

ಪ್ರಶ್ನೆ: ಸೈಕಲ್ ತುಳಿಯುವಾಗ ಮುಂದಿನವರ ಹಿಂದೆ ಎಷ್ಟು ಅಂತರ ಬಿಡಬೇಕು?

ಸಾಮಾನ್ಯ ಸ್ಪರ್ಧಿಗಳಿಗೆ ಹೆಚ್ಚಿನ ದೂರದ ಸ್ಪರ್ಧೆಗಳಲ್ಲಿ 12 ಮೀಟರ್, ಅವರ ಮುಂಚಕ್ರದಿಂದ ನಿಮ್ಮ ಮುಂಚಕ್ರಕ್ಕೆ. ಹೆಚ್ಚುಕಡಿಮೆ ಆರು ಸೈಕಲ್ಲುಗಳ ಉದ್ದ. ಆ ವಲಯಕ್ಕೆ ನುಗ್ಗಿದಿರಾದರೆ ನಿಗದಿತ ಸೆಕೆಂಡುಗಳಲ್ಲಿ ದಾಟಿ ಮುಂದೆ ಹೋಗಲೇಬೇಕು. ನಿಮ್ಮನ್ನು ಯಾರಾದರೂ ದಾಟಿದರೆ ಹಿಂದೆ ಸರಿಯುವ ಹೊಣೆ ನಿಮ್ಮದು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಮೊದಲು ಸೈಕಲ್ ಮುಟ್ಟಬೇಡಿ, ಸೈಕಲ್ ಸ್ಟ್ಯಾಂಡಿಗೆ ಏರಿಸಿದ ಮೇಲೆಯೇ ಬಿಚ್ಚಿ.

ಪ್ರಶ್ನೆ: ಸ್ಪರ್ಧೆಗೆ ಹತ್ತು ದಿನ ಇದೆ. ಅಭ್ಯಾಸ ಕಡಿಮೆ ಮಾಡಿದ ಮೇಲೆ ಕಾಲು ಇನ್ನೂ ಭಾರ. ಒಂದು ಉದ್ದ ಸವಾರಿ ಮಾಡಿಬಿಡಲೇ?

ಬೇಡ. ಕೊನೆಯ ಮೂರು ವಾರ ಒಟ್ಟು ಸಮಯ ಹಂತಹಂತವಾಗಿ ಇಳಿದು, ಕೊನೆಯ ವಾರ ಅರ್ಧಕ್ಕಿಂತ ಕಡಿಮೆಯಾಗಬೇಕು. ಈ ಭಾರ ಎಲ್ಲರಿಗೂ ಬರುವಂಥದು, ಹೆದರಬೇಡಿ. ಹತ್ತು ದಿನದಲ್ಲಿ ಹೊಸ ಶಕ್ತಿ ಬರುವುದಿಲ್ಲ, ಸುಸ್ತು ಮಾತ್ರ ಬರುತ್ತದೆ. ದಿನಗಳ ಸಂಖ್ಯೆ ಹಾಗೇ ಇರಲಿ, ಪ್ರತಿ ಸಲದ ಉದ್ದ ಕಡಿಮೆಯಾಗಲಿ. ನಡುನಡುವೆ ಒಂದೆರಡು ನಿಮಿಷ ಸ್ಪರ್ಧೆಯ ವೇಗ ಮುಟ್ಟಿ ಬನ್ನಿ, ಅದನ್ನೂ ಬಿಟ್ಟರೆ ಕಾಲು ಜಡವಾಗುತ್ತದೆ. ಜ್ವರ ಬಂದರೆ ಅಭ್ಯಾಸ ಪೂರ್ತಿ ನಿಲ್ಲಿಸಿ. ಜ್ವರ ಬಿಡದೆ ಸ್ಪರ್ಧೆಯ ದಿನ ಬಂದರೆ ಗೆರೆಯ ಬಳಿ ನಿಲ್ಲಲೂಬೇಡಿ.

ಮಿಕ್ಕ ಹೊತ್ತಿನಲ್ಲಿ ಸೈಕಲ್ಲಿನ ಕಡೆ ನೋಡಿ. ವಿಮಾನದಲ್ಲಿ ಬಂದಿದ್ದರೆ ಹಿಂದಿನ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗ ತೂಗುವ ಕೊಂಡಿ) ಬಾಗಿದೆಯೇ ಎಂದು ಅತಿ ಹಗುರ ಗೇರಿಗೆ ಹಾಕಿ ತಿರುಗಿಸಿ ನೋಡಿ. ಬಾಗಿದ್ದರೆ ಚೈನ್ ಕಡ್ಡಿಗಳ ಮೇಲೆ ಬೀಳುತ್ತದೆ. ಹಿಂದಿನ ದಿನ ಸೈಕಲ್ ಒಪ್ಪಿಸುವಾಗ ಟೈರಿನ ಗಾಳಿ ಸ್ವಲ್ಪ ಇಳಿಸಿಡಿ, ಬಿಸಿಲಿಗೆ ಕಾದು ಒಡೆಯದಿರಲಿ. ಬೆಳಿಗ್ಗೆ ಪಂಪು ತೆಗೆದುಕೊಂಡು ಹೋಗಿ ಸರಿಯಾಗಿ ತುಂಬಿಸಿ.